ಸಾಯುತ್ತಿದ್ದ ಮರಿಯಲ್ಲಿ ಸಿಕ್ಕ ವಿಬ್ರಿಯೊ: ಬಾಗಲಕೋಟೆ ಕಡೆಯ ಒಂದು ಸೀಬಾಸ್ ಪ್ರಕರಣ

ತೊಟ್ಟಿಯಲ್ಲಿ ಸಾಕಿದ ಸೀಬಾಸ್ ಮೀನಿನ ಮರಿಗಳು ಯಾಕೆ ಸತ್ತವು, ಅದರಲ್ಲಿ ವಿಬ್ರಿಯೊ ಅನ್ನುವ ದುಂಡಾಣುವಿನ (ಬ್ಯಾಕ್ಟೀರಿಯಾ) ಪಾಲೆಷ್ಟು ಅಂತ ಹುಡುಕಿದ ಕಥೆ ಇದು. ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ರೈತರ ಹೆಸರಿಲ್ಲ, ಊರಿನ ಹೆಸರಿಲ್ಲ. ಮರಿ ಕೊಟ್ಟ ಹ್ಯಾಚರಿ ಯಾವುದು, ಪ್ರಯೋಗ ನಡೆದ ಲ್ಯಾಬ್ ಯಾವುದು ಅನ್ನುವುದೂ ಇಲ್ಲ. ಗುರುತು ಸಿಗದಿರಲಿ ಅಂತ ಒಂದೆರಡು ಸಣ್ಣ ವಿವರ ಬದಲಿಸಿದ್ದೇನೆ. ಬರೆಯಲಾ ಅಂತ ಕೇಳಿದಾಗ ಆ ರೈತರು, "ಬರೀರಿ, ಹೆಸರೊಂದು ಬ್ಯಾಡ. ಊರಾಗ ಈಗಾಗ್ಲೇ ಉಪ್ಪಿನ ಸಾವ್ಕಾರ ಅಂತ ಕರೀತಾರ" ಅಂದರು. ಹಾಗಾಗಿ ಇಲ್ಲಿ ಅವರು ಸಾವ್ಕಾರರು, ಅಷ್ಟೇ.

ನಾನು ಮೀನುಗಾರಿಕೆ ಓದಿದವನು. ಮನೆ ವಿಜಯಪುರದಲ್ಲಿ. ನನ್ನ ಕೆಲಸವೆಲ್ಲ ಕಾಟ್ಲಾ, ರೋಹು, ಕೃಷಿ ಹೊಂಡ, ಕೆರೆ ಗುತ್ತಿಗೆ ಇವುಗಳ ಸುತ್ತ. ಸಮುದ್ರದ ಮೀನಿನ ಬಗ್ಗೆ ಗೊತ್ತಿದ್ದದ್ದು ಕಾಲೇಜಿನಲ್ಲಿ ಓದಿದಷ್ಟು. ಈ ಮಾತು ನೆನಪಿಟ್ಟುಕೊಳ್ಳಿ, ಯಾಕೆಂದರೆ ಈ ಪ್ರಕರಣದ ಮೊದಲ ತಪ್ಪಿನಲ್ಲಿ ನನ್ನ ಪಾಲೂ ಇದೆ.

ಹಿನ್ನೆಲೆ

ಸಾವ್ಕಾರರ ಹೊಲ ಆಲಮಟ್ಟಿ ಹಿನ್ನೀರಿನಿಂದ ಬಹಳ ದೂರವಿಲ್ಲ. 8 ಎಕರೆ ದಾಳಿಂಬೆ ಇತ್ತು. ದುಂಡಾಣು ಅಂಗಮಾರಿ ಬಂತು. ಕಾಯಿ ಮೇಲೆ ಕಪ್ಪು ಚುಕ್ಕೆ, ಆಮೇಲೆ ಕಾಯಿ ಸೀಳುವುದು, ಕೊನೆಗೆ ಗಿಡ ಕಿತ್ತು ಹಾಕುವುದು. ಬಾಗಲಕೋಟೆ, ವಿಜಯಪುರ ಕಡೆ ದಾಳಿಂಬೆ ಹಾಕಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೊಲದ ತಗ್ಗಿನ ಮೂಲೆಯಲ್ಲಿ ಎರಡು ಎಕರೆ ಸವಳು. ಕಪ್ಪು ಮಣ್ಣಿಗೆ ವರ್ಷಗಟ್ಟಲೆ ಕಬ್ಬಿನ ನೀರು ಹರಿಸಿದರೆ ಏನಾಗುತ್ತದೆ ಅಂತ ಅಲ್ಲಿ ಹೋಗಿ ನೋಡಬಹುದು, ಬೇಸಿಗೆಯಲ್ಲಿ ನೆಲದ ಮೇಲೆ ಸುಣ್ಣ ಬಳಿದ ಹಾಗೆ ಬಿಳಿ ಪದರ. ಅಲ್ಲಿನ ಬೋರ್ ನೀರಿನಲ್ಲಿ ಲೀಟರಿಗೆ 4 ಗ್ರಾಂ ಉಪ್ಪು. ಬಾಯಿಗೆ ಹಾಕಿದರೆ ಸಪ್ಪೆ ಸಾರಿನ ಹಾಗಿರುತ್ತದೆ, ದನ ಕೂಡ ಕುಡಿಯುವುದಿಲ್ಲ.

ಬೆಳೆ ಬರದ ನೀರಿನಲ್ಲಿ ಮೀನು ಬೆಳೆಯಬಹುದಲ್ವಾ ಅನ್ನುವ ಯೋಚನೆ ಅವರಿಗೆ ಮೊಬೈಲ್ ನೋಡುತ್ತಾ ಬಂದದ್ದು. ಆರಿಸಿಕೊಂಡದ್ದು ಸೀಬಾಸ್. ಬೆಳಗಾವಿಯ ಮೀನು ಪೇಟೆಯಲ್ಲಿ, ಗೋವಾದ ಕಡೆಯಲ್ಲಿ ಚೊಣಕ ಅಂತಾರೆ. ಆಂಧ್ರದಲ್ಲಿ ಪಂಡುಗಪ್ಪ, ಬಂಗಾಳದಲ್ಲಿ ಭೇಟ್ಕಿ, ಆಸ್ಟ್ರೇಲಿಯಾದಲ್ಲಿ ಬ್ಯಾರಮಂಡಿ. ಎಲ್ಲ ಒಂದೇ ಮೀನು. ಆಯ್ಕೆ ಕೆಟ್ಟದ್ದೇನಲ್ಲ. ಇದು ಸಮುದ್ರದ ಹತ್ತಿರ ಮೊಟ್ಟೆ ಇಡುತ್ತದೆ, ಆದರೆ ಬೆಳೆಯುವುದು ಉಪ್ಪು ನೀರಲ್ಲೂ ಆಗುತ್ತದೆ, ಚೌಳು ನೀರಲ್ಲೂ ಆಗುತ್ತದೆ, ನಿಧಾನವಾಗಿ ಒಗ್ಗಿಸಿದರೆ ಸಿಹಿ ನೀರಲ್ಲೂ ಆಗುತ್ತದೆ. ಚೆನ್ನೈನ ಸೀಬಾ (ಚೌಳು ನೀರಿನ ಜಲಕೃಷಿ ಸಂಶೋಧನಾ) ಸಂಸ್ಥೆ 1997ರಲ್ಲಿ ನಮ್ಮ ದೇಶದಲ್ಲಿ ಮೊದಲ ಸಲ ಇದನ್ನು ಹ್ಯಾಚರಿಯಲ್ಲಿ ಮರಿ ಮಾಡಿಸಿತು. ಆಮೇಲೆ ಮರಿಗಾಗಿ ಸಮುದ್ರದ ಅಳಿವೆ ಕಾಯಬೇಕಾದ ಕಷ್ಟ ಕಡಿಮೆಯಾಯಿತು.

ಶೇಡ್ ನೆಟ್ ಕೆಳಗೆ ಒಂದೊಂದು 20,000 ಲೀಟರಿನ ಎರಡು ದುಂಡನೆ ತಾಡಪತ್ರಿ ತೊಟ್ಟಿ, ಒಂದೊಂದಕ್ಕೂ ನೀರು ಶುದ್ಧ ಮಾಡುವ ಬೇರೆ ಬೇರೆ ಬಯೋಫಿಲ್ಟರ್, ಎರಡು ಬ್ಲೋವರ್, ಕರೆಂಟ್ ಹೋದರೆ ಜನರೇಟರ್. ಖರ್ಚಿನ ಲೆಕ್ಕ ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಸೆಪ್ಟೆಂಬರ್ ಕೊನೆಗೆ ಪೂರ್ವ ಕರಾವಳಿಯ ಒಂದು ಹ್ಯಾಚರಿಯಿಂದ 4,000 ಮರಿ ಬಂತು, ಸುಮಾರು 3 ಸೆಂಟಿಮೀಟರಿನವು, ಆಕ್ಸಿಜನ್ ತುಂಬಿದ ಚೀಲಗಳಲ್ಲಿ.

ಮರಿ ಬರುವ ಮುಂಚೆ ಹ್ಯಾಚರಿಯವರು ಫೋನಿನಲ್ಲಿ ಒಂದು ಮಾತು ಹೇಳಿದ್ದರು. ಮರಿಗಳನ್ನು ಲೀಟರಿಗೆ 15 ಗ್ರಾಂ ಉಪ್ಪಿನ ನೀರಿಗೆ ಒಗ್ಗಿಸಿ ಕಳಿಸುತ್ತೇವೆ, ನೀವೂ ತೊಟ್ಟಿಯಲ್ಲಿ 15 ಇಟ್ಟುಕೊಳ್ಳಿ. ಅವರ ಲೆಕ್ಕದಲ್ಲಿ ತಪ್ಪಿಲ್ಲ. ಅವರಿಗೆ 15 ಅಂದರೆ ಸಮುದ್ರದ ನೀರಿಗೆ ಸಿಹಿ ನೀರು ಬೆರೆಸಿದ್ದು. ಸಾವ್ಕಾರರ ಬೋರಿನಲ್ಲಿದ್ದದ್ದು 4. ಉಳಿದ 11 ಎಲ್ಲಿಂದ ತರಬೇಕು? ಅವರು ನನಗೆ ಫೋನ್ ಮಾಡಿ, "ಕಲ್ಲುಪ್ಪು ಹಾಕಿದ್ರ ನಡೀತದೇನ್ರಿ?" ಅಂದರು. ನಾನು ಬೈಕ್ ನಿಲ್ಲಿಸಿಕೊಂಡು ರಸ್ತೆ ಪಕ್ಕದಲ್ಲಿದ್ದೆ. ಸಾವಿರ ಲೀಟರಿಗೆ 11 ಕಿಲೋ, ಒಂದು ತೊಟ್ಟಿಗೆ 220 ಕಿಲೋ ಅಂತ ಲೆಕ್ಕ ಹಾಕಿ ಹೇಳಿ, ಹಾಕಿ ಪರವಾಗಿಲ್ಲ ಅಂದೆ. ಅವರು 50 ಕಿಲೋದ 15 ಚೀಲ ತರಿಸಿದರು. ಎರಡು ತೊಟ್ಟಿಗೆ 9 ಚೀಲ ಹೋಯಿತು.

ಸಾವು ಶುರು

ನಾಲ್ಕನೇ ದಿನ ಮರಿಗಳು ಮೇವಿಗೆ ಬರುವುದು ಕಡಿಮೆಯಾಯಿತು. ಆರನೇ ದಿನ ಬೆಳಿಗ್ಗೆ 40 ಸತ್ತಿದ್ದವು. "ಸಾಯಾಕ ಹತ್ಯಾವ್ರಿ, ಜಲ್ದಿ ಬರ್ರಿ." ಏಳನೇ ದಿನ ಹೋದೆ. ಮೈ ಕಪ್ಪಾಗಿತ್ತು. ಬಾಲದ ತುದಿ ಹರಿದ ಬಟ್ಟೆಯ ಹಾಗೆ. ಎದೆಯ ರೆಕ್ಕೆಯ ಬುಡದಲ್ಲಿ ಕೆಂಪು. ಇವೆಲ್ಲ ದುಂಡಾಣು ರೋಗದ ಚಿತ್ರವೇ. ಆದರೆ ಇನ್ನೊಂದು ಸಂಗತಿ ಇತ್ತು, ಅದನ್ನು ನಾನು ಪುಸ್ತಕದಲ್ಲಿ ಬರೆದುಕೊಂಡೆ, ಅದಕ್ಕೆ ಬೆಲೆ ಕೊಡಲಿಲ್ಲ. ಚೆನ್ನಾಗಿ ಕಾಣುವ ಮರಿಗಳೂ ಬಲೆ ಹಾಕಿದರೆ ಓಡುತ್ತಿರಲಿಲ್ಲ. ಸೀಬಾಸ್ ಮರಿ ಅಂದರೆ ಪುಟ್ಟ ಹುಲಿ, ತನಗಿಂತ ಸ್ವಲ್ಪ ಚಿಕ್ಕದಿರುವ ಅಣ್ಣತಮ್ಮಂದಿರನ್ನೇ ನುಂಗುವ ಜಾತಿ. ಅದಕ್ಕೇ ವಾರಕ್ಕೊಮ್ಮೆಯಾದರೂ ದೊಡ್ಡದು ಚಿಕ್ಕದು ಬೇರೆ ಮಾಡಬೇಕು. ಅಂಥ ಮರಿ ತಳದಲ್ಲಿ ಸುಮ್ನೆ ಮಲಗಿ ಬಲೆಗೆ ಸಿಗುವುದು ಅಂದರೆ ಏನೋ ಸರಿಯಿಲ್ಲ. ಮೂರನೇ ದಿನ ಅವರು ಹೀಗೆ ಬೇರೆ ಮಾಡಿದ್ದರು ಕೂಡ, ಒರಟು ನೈಲಾನ್ ಬಲೆಯಲ್ಲಿ. ಮೈಯ ಲೋಳೆ, ಹುರುಪೆ ಉಜ್ಜಿಹೋಗಿರುವುದು ಕಣ್ಣಿಗೇ ಕಾಣುತ್ತಿತ್ತು.

ಸತ್ತದ್ದಲ್ಲ, ಸಾಯುತ್ತಿರುವ ಮರಿಗಳನ್ನೇ ಆರಿಸಿ, ಕರಾವಳಿಯ ಒಂದು ಲ್ಯಾಬ್‌ನಲ್ಲಿರುವ ನನ್ನ ಸಹಪಾಠಿಗೆ ಕಳಿಸಿದೆ. ಇದು ಮುಖ್ಯ. ಸತ್ತು ನಾಲ್ಕು ಗಂಟೆ ಆದ ಮೀನಿನಲ್ಲಿ ಯಾವ ದುಂಡಾಣು ಬೇಕಾದರೂ ಸಿಗುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ. ಒಂದಷ್ಟನ್ನು ವೈರಸ್ ಪರೀಕ್ಷೆಗೂ ಕಳಿಸಿದೆವು, ಯಾಕೆಂದರೆ ಸೀಬಾಸ್ ಮರಿಗಳಲ್ಲಿ ನರಮಂಡಲಕ್ಕೆ ಬಡಿಯುವ ನೋಡಾ ವೈರಸ್ ಒಂದಿದೆ, ಅದು ಬಂದರೆ ಮರಿಗಳು ಸುರುಳಿ ಸುತ್ತಿ ಈಜಿ ರಾಶಿ ರಾಶಿ ಸಾಯುತ್ತವೆ. ಪಿಸಿಆರ್ ವರದಿಯಲ್ಲಿ ಅದು ಇರಲಿಲ್ಲ.

ಮೂತ್ರಪಿಂಡದಿಂದ ತೆಗೆದ ಮಾದರಿಯನ್ನು ಟಿಸಿಬಿಎಸ್ ತಟ್ಟೆಗೆ ಹಾಕಿದಾಗ ಮರುದಿನ ದೊಡ್ಡ ದೊಡ್ಡ ಹಳದಿ ಚುಕ್ಕೆಗಳು ಬಂದವು. ಈ ತಟ್ಟೆ ವಿಬ್ರಿಯೊ ಗುಂಪಿಗೆಂದೇ ಮಾಡಿದ್ದು, ಸಕ್ಕರೆ ತಿನ್ನುವ ವಿಬ್ರಿಯೊ ಹಳದಿ ಕಾಣುತ್ತದೆ, ತಿನ್ನದ್ದು ಹಸಿರು. ಮುಂದಿನ ಪರೀಕ್ಷೆಗಳಲ್ಲಿ ವಿಬ್ರಿಯೊ ಆಲ್ಜಿನೊಲಿಟಿಕಸ್ ಅಂತ ಹೆಸರು ಬಂತು.

ಸಾವ್ಕಾರರಿಗೆ ಹೇಳಿದೆ. ಅವರಿಗೆ ದುಂಡಾಣು ಅನ್ನುವ ಪದ ಕೇಳಿದರೆ ಸಾಕು, ದಾಳಿಂಬೆಯ ನೆನಪು. ಎಷ್ಟು ವರ್ಷ ಸ್ಟ್ರೆಪ್ಟೊಸೈಕ್ಲಿನ್ ಸಿಂಪಡಿಸಿದ್ದಾರೋ. ನಾನು ಕಾಯಿರಿ ಅನ್ನುವಷ್ಟರಲ್ಲೇ, ಅಂದರೆ ಒಂಬತ್ತನೇ ದಿನವೇ, ಯಾರೋ ಕೊಟ್ಟ ಆಕ್ಸಿಟೆಟ್ರಾಸೈಕ್ಲಿನ್ ಅನ್ನುವ ಆಂಟಿಬಯೋಟಿಕ್ ಪುಡಿಯನ್ನು ನೀರಿಗೆ ಸುರಿದಾಗಿತ್ತು. ಕ್ಯಾಲ್ಸಿಯಂ, ಮೆಗ್ನೀಸಿಯಂ ಜಾಸ್ತಿ ಇರುವ ಗಡಸು ನೀರಿನಲ್ಲಿ ಈ ಔಷಧ ಅವುಗಳ ಜೊತೆ ಅಂಟಿಕೊಂಡು ಅರ್ಧ ಕೆಲಸಕ್ಕೆ ಬಾರದೆ ಹೋಗುತ್ತದೆ. ಉಳಿದ ಅರ್ಧ ಬಯೋಫಿಲ್ಟರಿನ ಒಳ್ಳೆಯ ದುಂಡಾಣುಗಳಿಗೆ ಬಡಿಯಿತು. ಮೀನು ಹೆಚ್ಚಾಗಿ ಕಿವಿರಿನಿಂದ ಹೊರಬಿಡುವ ಅಮೋನಿಯಾವನ್ನು ತಿಂದು ನೀರನ್ನು ಉಳಿಸುವುದೇ ಅವು. ಎರಡು ದಿನದಲ್ಲಿ ಅಮೋನಿಯಾ ಏರಿತು, ಹನ್ನೆರಡನೇ ದಿನ ಒಂದೇ ದಿನಕ್ಕೆ 500ಕ್ಕೂ ಹೆಚ್ಚು ಮರಿ ಹೋದವು. ರೋಗಕ್ಕಿಂತ ಔಷಧಿಗೆ ಸತ್ತದ್ದೇ ಆ ದಿನ ಜಾಸ್ತಿ ಅಂತ ನನ್ನ ಲೆಕ್ಕ.

ಔಷಧ ನಿಲ್ಲಿಸಿದೆವು. ಮೇವು ಅರ್ಧ ಮಾಡಿದೆವು. ದಿನಕ್ಕೆ ಐದನೇ ಒಂದು ಭಾಗ ನೀರು ಬದಲಿಸಿದೆವು, ಬದಲಿಸಿದ ಬೋರ್ ನೀರಿಗೆ ತಪ್ಪದೆ ಉಪ್ಪು ತೂಗಿ ಹಾಕಿದೆವು. ಈಗ ಇದನ್ನು ಬರೆಯುವಾಗ ನಗು ಬರುತ್ತದೆ.

ಲ್ಯಾಬ್‌ನಲ್ಲಿ ಕೇಳಿದ ಮೊದಲ ಪ್ರಶ್ನೆ

ಸಾವು ನಿಧಾನವಾಯಿತು, ನಿಲ್ಲಲಿಲ್ಲ. ನನ್ನ ಸಹಪಾಠಿ ಒಂದು ದಿನ ಫೋನಿನಲ್ಲಿ, ಈ ಆಲ್ಜಿನೊಲಿಟಿಕಸ್ ಸಮುದ್ರದ ನೀರಿನಲ್ಲಿ ಎಲ್ಲೆಲ್ಲೂ ಇರುತ್ತದೆ, ಆರೋಗ್ಯವಾಗಿರುವ ಮೀನಿನ ಮೈಮೇಲೂ ಇರುತ್ತದೆ, ಅದನ್ನೇ ಕಳ್ಳ ಅಂತ ಹಿಡಿಯುವುದು ಹೇಗೆ ಅಂದಳು. ಕಳ್ಳತನವಾದ ಮನೆಯಲ್ಲಿ ಸಿಕ್ಕವನೆಲ್ಲ ಕಳ್ಳನಲ್ಲ, ಕೆಲವೊಮ್ಮೆ ಬಾಗಿಲು ತೆರೆದಿದೆ ಅಂತ ಒಳಗೆ ಬಂದವನೂ ಇರುತ್ತಾನೆ. ಇದನ್ನು ತೀರ್ಮಾನಿಸುವ ದಾರಿ ಹಳೆಯದು. 1882ರಲ್ಲಿ ಕ್ಷಯದ ದುಂಡಾಣುವನ್ನು ತೋರಿಸಿದ ರಾಬರ್ಟ್ ಕಾಕ್ ಹಾಕಿಕೊಟ್ಟದ್ದು. ರೋಗಿಯಿಂದ ದುಂಡಾಣು ತೆಗೆ, ಶುದ್ಧವಾಗಿ ಬೆಳೆಸು, ಆರೋಗ್ಯವಂತ ಪ್ರಾಣಿಗೆ ಕೊಡು, ಅದೇ ರೋಗ ಬರಬೇಕು, ಅದರಿಂದ ಮತ್ತೆ ಅದೇ ದುಂಡಾಣು ಸಿಗಬೇಕು.

ಬೇಕೆಂದೇ ರೋಗ ಹತ್ತಿಸುವ ಪ್ರಯೋಗ. ಕೇಳಲು ಕ್ರೂರ, ನಿಜ. ಅದಕ್ಕೇ ಲ್ಯಾಬ್‌ನ ಸಮಿತಿಯ ಒಪ್ಪಿಗೆ ಬೇಕಾಯಿತು. ಅವರು ಮೀನಿನ ಸಂಖ್ಯೆ ಇಳಿಸಿ ಅಂದರು, ಸಾಯುವ ಸ್ಥಿತಿಗೆ ಬಂದ ಮರಿಯನ್ನು ನರಳಲು ಬಿಡದೆ ಲವಂಗದ ಎಣ್ಣೆ ಹಾಕಿದ ನೀರಿನಲ್ಲಿ ಮಲಗಿಸಿ ಸತ್ತದ್ದರ ಲೆಕ್ಕಕ್ಕೆ ಸೇರಿಸಿ ಅಂದರು. ಹೊರಗೆ ಹೋಗುವ ಒಂದು ಹನಿ ನೀರಿಗೂ ಕ್ಲೋರಿನ್ ಹಾಕಬೇಕೆಂಬ ಷರತ್ತು ಬೇರೆ. ಇಂಥದ್ದನ್ನು ಶೆಡ್‌ನಲ್ಲಿ, ಬಕೆಟ್‌ನಲ್ಲಿ ಮಾಡಬಾರದು. ಸಾವ್ಕಾರರು, "ಇಲ್ಲೇ ನಾಕು ಬಕೆಟ್‌ನ್ಯಾಗ ಮಾಡೂಣಲ್ರಿ" ಅಂದಿದ್ದರು. ಬೇಡ ಅಂದೆ. ಪಕ್ಕದಲ್ಲೇ ಉಳಿದ ಮೀನಿರುವಾಗ ರೋಗದ ದುಂಡಾಣುವನ್ನು ಕೋಟಿಗಟ್ಟಲೆ ಬೆಳೆಸುವುದು ಹುಚ್ಚುತನ.

ಅದೇ ಹ್ಯಾಚರಿಯಿಂದ ಹೊಸ ಮರಿ ತರಿಸಿದರು. ಹತ್ತು ದಿನ ಸುಮ್ನೆ ಸಾಕಿ, ಕೆಲವನ್ನು ಕೊಯ್ದು ಒಳಗೆ ವಿಬ್ರಿಯೊ ಇಲ್ಲ ಅಂತ ನೋಡಿಕೊಂಡರು. ನಾಲ್ಕು ಗುಂಪು, ಒಂದೊಂದಕ್ಕೆ ಮೂರು ತೊಟ್ಟಿ, ತೊಟ್ಟಿಗೆ 20 ಮರಿ. ಮೊದಲ ಗುಂಪಿಗೆ ದುಂಡಾಣುವಿಲ್ಲದ ಬರೀ ಉಪ್ಪು ದ್ರಾವಣ. ಎರಡನೆಯದಕ್ಕೆ ಹೊಟ್ಟೆಯೊಳಗೆ ದುಂಡಾಣುವಿನ ಚುಚ್ಚುಮದ್ದು. ಮೂರನೆಯದನ್ನು ಒಂದು ಮಿಲಿಲೀಟರಿಗೆ ಒಂದು ಕೋಟಿ ದುಂಡಾಣು ಇರುವ ನೀರಿನಲ್ಲಿ ಒಂದು ಗಂಟೆ ಬಿಟ್ಟು ತೆಗೆಯುವುದು. ನಾಲ್ಕನೆಯದಕ್ಕೂ ಅದೇ ಸ್ನಾನ, ಆದರೆ ಮೊದಲು ಮರಿಗೆ ಪ್ರಜ್ಞೆ ತಪ್ಪಿಸಿ ಮೈಯ ಪಕ್ಕದ ಹುರುಪೆ ನಾಲ್ಕೈದು ಕೆರೆದು. ಈ ನಾಲ್ಕನೇ ಗುಂಪು ಬೇಕೇ ಬೇಕು ಅಂತ ಹಟ ಹಿಡಿದದ್ದು ನಾನು, ಆ ನೈಲಾನ್ ಬಲೆ ನನ್ನ ಕಣ್ಣಲ್ಲೇ ಇತ್ತು.

ಚುಚ್ಚುಮದ್ದಿಗೂ ಸ್ನಾನಕ್ಕೂ ಇರುವ ವ್ಯತ್ಯಾಸದ ಮೇಲೇ ಇಡೀ ಪ್ರಯೋಗ ನಿಂತಿದೆ. ಚುಚ್ಚಿದರೆ ಚರ್ಮ, ಲೋಳೆ, ಕಿವಿರು, ಕರುಳು ಎಲ್ಲವನ್ನೂ ದಾಟಿಸಿ ನೇರ ಒಳಮನೆಗೆ ಬಿಟ್ಟ ಹಾಗೆ. ಒಳಗೆ ಹೋದ ಮೇಲೆ ಇದು ಕೊಲ್ಲಬಲ್ಲದಾ ಅನ್ನುವುದಕ್ಕೆ ಅದು ಉತ್ತರ. ಸ್ನಾನದಲ್ಲಿ ಅದು ತಾನೇ ದಾರಿ ಹುಡುಕಬೇಕು. ತೊಟ್ಟಿಯಲ್ಲಿ ನಡೆಯುವುದು ಸ್ನಾನವೇ ಹೊರತು ಚುಚ್ಚುಮದ್ದಲ್ಲ. ಬರೀ ಚುಚ್ಚಿ ಸಾಯಿಸಿ ಇದೇ ರೋಗಕಾರಕ ಅಂತ ಬರೆದುಬಿಡುವುದು ಸುಲಭ. ಅಷ್ಟು ದುಂಡಾಣುವನ್ನು ಹೊಟ್ಟೆಗೆ ಚುಚ್ಚಿದರೆ ಸಾಧು ದುಂಡಾಣು ಕೂಡ ಕೊಲ್ಲಬಹುದು.

14 ದಿನ. ಚುಚ್ಚಿದ 60ರಲ್ಲಿ 43 ಸತ್ತವು, ಬಹುಪಾಲು ಮೊದಲ ಮೂರು ದಿನದಲ್ಲೇ. ಹುರುಪೆ ಕೆರೆದು ಸ್ನಾನ ಮಾಡಿಸಿದ 60ರಲ್ಲಿ 14. ಸುಮ್ನೆ ಸ್ನಾನ ಮಾಡಿಸಿದ 60ರಲ್ಲಿ ಬರೀ 2. ದುಂಡಾಣು ಕೊಡದ ಗುಂಪಿನಲ್ಲಿ ಒಂದೂ ಇಲ್ಲ. ಸತ್ತವುಗಳ ಮೂತ್ರಪಿಂಡದಿಂದ ಮತ್ತೆ ಅದೇ ಹಳದಿ ಚುಕ್ಕೆ.

ಅಂದರೆ ಒಳಗೆ ಹೋದರೆ ಕೊಲ್ಲುತ್ತದೆ. ಗಾಯವಿದ್ದರೆ ಒಳಗೆ ಹೋಗುತ್ತದೆ. ಗಾಯವಿಲ್ಲದ ಗಟ್ಟಿ ಮರಿಯ ಮುಂದೆ ಅದರ ಆಟ ನಡೆಯುವುದಿಲ್ಲ. ನಮಗೆ ಖುಷಿಯಾಯಿತು, ಬಲೆಯೇ ಅಪರಾಧಿ ಅಂತ. ಸಾವ್ಕಾರರಿಗೆ ಗಂಟಿಲ್ಲದ ಮೆತ್ತನೆ ಬಲೆ ತರಿಸಿಕೊಟ್ಟೆ. ಸಂಜೆ ಅವರು ಕೇಳಿದ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. "ಬಲೆ ಹಾಕಿ ಒಂದ್ ತಿಂಗಳ ಮ್ಯಾಲಾತು. ಇವತ್ತೂ ಹದಿನೈದ್ ಸತ್ತಾವು. ಅವಕ್ಕ ಯಾವ ಗಾಯ ಆಗ್ಯದ?"

ತಿರುವು

ಆಗ ನವೆಂಬರ್ ಮಧ್ಯ. 4,000ದಲ್ಲಿ 900ರಷ್ಟು ಉಳಿದಿದ್ದವು.

ಲ್ಯಾಬ್‌ನಲ್ಲಿ 60ಕ್ಕೆ 2, ಇಲ್ಲಿ ದಿನವೂ ಸಾವು. ಅದೇ ಹ್ಯಾಚರಿ, ಅದೇ ದುಂಡಾಣು, ಅದೇ ವಯಸ್ಸು, ಉಪ್ಪು ಎರಡೂ ಕಡೆ 15. ಏನು ಬೇರೆ? ನಾನೂ ಸಹಪಾಠಿಯೂ ಎರಡು ದಿನ ಬಿಸಿಯ ಮೇಲೆ, ಮೇವಿನ ಮೇಲೆ, ಆಕ್ಸಿಜನ್ ಮೇಲೆ ವಾದ ಮಾಡಿದೆವು. ಉಪ್ಪು ಎರಡೂ ಕಡೆ 15 ಅನ್ನುವುದನ್ನು ಇಬ್ಬರೂ ಪಕ್ಕಕ್ಕಿಟ್ಟಿದ್ದೆವು, ಯಾಕೆಂದರೆ ಅದು ಒಂದೇ ಅಲ್ವಾ.

ಉತ್ತರ ಸಿಕ್ಕಿದ್ದು ಸಾವ್ಕಾರರ ಕಪಾಟಿನಲ್ಲಿ. ಜನರೇಟರಿನ ಬಿಲ್ ಹುಡುಕುತ್ತಾ ಅವರು ಒಂದು ಹಳೆಯ ಕಾಗದ ತೆಗೆದರು. ದಾಳಿಂಬೆಗೆ ಹನಿ ನೀರಾವರಿ ಹಾಕುವ ಮುಂಚೆ ಅದೇ ಬೋರಿನ ನೀರು ಪರೀಕ್ಷೆ ಮಾಡಿಸಿದ್ದ ವರದಿ. ಸೋಡಿಯಂ ಇಷ್ಟು, ಕ್ಯಾಲ್ಸಿಯಂ ಇಷ್ಟು, ಬೆಳೆಗೆ ಯೋಗ್ಯವಲ್ಲ ಅಂತ ಕೆಂಪು ಶಾಯಿಯಲ್ಲಿ. ಕೆಳಗಿನ ಸಾಲಿನಲ್ಲಿ, ಪೊಟ್ಯಾಸಿಯಂ ಲೀಟರಿಗೆ 6 ಮಿಲಿಗ್ರಾಂ.

ಸಮುದ್ರದ ನೀರಿನಲ್ಲಿ, ಅಂದರೆ ಲೀಟರಿಗೆ 35 ಗ್ರಾಂ ಉಪ್ಪಿರುವ ನೀರಿನಲ್ಲಿ, ಪೊಟ್ಯಾಸಿಯಂ ಸುಮಾರು 390 ಮಿಲಿಗ್ರಾಂ ಇರುತ್ತದೆ. ಅದನ್ನು 15ಕ್ಕೆ ತೆಳು ಮಾಡಿದರೂ 165ರ ಮೇಲೆ ಉಳಿಯುತ್ತದೆ. ಲ್ಯಾಬ್‌ನ ಮರಿಗಳಿಗೆ ಸಿಕ್ಕಿದ್ದು ಅದು. ಸಾವ್ಕಾರರ ತೊಟ್ಟಿಯಲ್ಲಿ? ಕಲ್ಲುಪ್ಪು ಅಂದರೆ ಹೆಚ್ಚೂಕಡಿಮೆ ಬರೀ ಸೋಡಿಯಂ ಕ್ಲೋರೈಡ್. ಚೀಲದ ಮೇಲೆ ಚೀಲ ಸುರಿದು ನಾವು ಸೋಡಿಯಂ ಏರಿಸಿದ್ದೆವು, ಪೊಟ್ಯಾಸಿಯಂ ಇದ್ದಲ್ಲೇ ಇತ್ತು. ನಮ್ಮ ಕಪ್ಪು ಮಣ್ಣಿನ ಜಿಗುಟು ಜೇಡಿ ಪೊಟ್ಯಾಸಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ, ಹಾಗಾಗಿ ಒಳನಾಡಿನ ಉಪ್ಪು ಬೋರ್ ನೀರಿನಲ್ಲಿ ಅದು ಕಡಿಮೆ ಇರುವುದೇ ಸಹಜ. ಸಮುದ್ರದಲ್ಲಿ ಒಂದು ಪಾಲು ಪೊಟ್ಯಾಸಿಯಂಗೆ ಸೋಡಿಯಂ 27, 28 ಪಾಲು. ನಮ್ಮ ತೊಟ್ಟಿಯಲ್ಲಿ ಅದು ನೂರಾರು ಪಾಲು ಇತ್ತು. ಉಪ್ಪು ಅಳೆಯುವ ಉಪಕರಣ ಮಾತ್ರ ಎರಡೂ ಕಡೆ 15 ಅಂತಲೇ ತೋರಿಸುತ್ತದೆ, ಅದಕ್ಕೆ ಯಾವ ಉಪ್ಪು ಅನ್ನುವುದು ಗೊತ್ತಾಗುವುದಿಲ್ಲ.

ಮೀನಿಗೆ ಇದರಿಂದ ಏನಾಗುತ್ತದೆ? ಉಪ್ಪು ನೀರಿನಲ್ಲಿರುವ ಮೀನು ನೀರು ಕುಡಿದು, ಹೆಚ್ಚಿನ ಉಪ್ಪನ್ನು ಕಿವಿರಿನಿಂದ ಹೊರಗೆ ತಳ್ಳುತ್ತಿರಬೇಕು. ತಳ್ಳುವ ಪಂಪು ಸೋಡಿಯಂ ಮತ್ತು ಪೊಟ್ಯಾಸಿಯಂ ಎರಡರ ಮೇಲೆ ಓಡುತ್ತದೆ. ಸ್ನಾಯು, ನರದ ಕೆಲಸಕ್ಕೂ ಅದೇ ಬೇಕು. ಸಾವ್ಕಾರರಿಗೆ ನಾನು ಹೇಳಿದ್ದು ಹೀಗೆ, ಮೂರು ಫೇಸ್ ಮೋಟಾರಿಗೆ ಒಂದು ಫೇಸ್ ಹೋದರೆ ಏನಾಗುತ್ತದೆ? ಗುಂಯ್ ಅನ್ನುತ್ತದೆ, ಕಾಯುತ್ತದೆ, ನೀರೆತ್ತುವುದಿಲ್ಲ. ಅವರು ತಕ್ಷಣ, "ಅದಕ್ಕ ಅವು ಬಲೆಗೆ ಓಡ್ತಿದ್ದಿಲ್ಲ" ಅಂದರು. ನನ್ನ ಪುಸ್ತಕದಲ್ಲಿ ಏಳನೇ ದಿನವೇ ಬರೆದಿಟ್ಟಿದ್ದ ಸಾಲು! ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಒಳನಾಡಿನ ಉಪ್ಪು ಬೋರ್ ನೀರಿನಲ್ಲಿ ಸಾಕಿದ ಇದೇ ಮೀನಿನ ಮರಿಗಳಲ್ಲಿ ಪೊಟ್ಯಾಸಿಯಂ ಕೊರತೆಯಿಂದ ಸ್ನಾಯು ಹಾಳಾಗುವುದನ್ನು 2004ರಲ್ಲೇ ವರದಿ ಮಾಡಿದ್ದಾರೆ ಅಂತ ಸಹಪಾಠಿ ಅಂದು ರಾತ್ರಿ ಹುಡುಕಿ ಕಳಿಸಿದಳು. ಮೊದಲೇ ಓದಬಹುದಿತ್ತು. ಆದರೆ ಓದಲು ಏನಂತ ಹುಡುಕಬೇಕು ಅನ್ನುವುದಾದರೂ ಗೊತ್ತಿರಬೇಕಲ್ಲ.

ಕೈಗೆ ಸಿಗುವ ಪೊಟ್ಯಾಸಿಯಂ ಯಾವುದು? ಎಂಒಪಿ, ಅಂದರೆ ಪೊಟ್ಯಾಷ್ ಗೊಬ್ಬರ. ಕಬ್ಬಿಗೆ, ದ್ರಾಕ್ಷಿಗೆ ಹಾಕುವುದೇ. ಅದರ ತೂಕದಲ್ಲಿ ಸುಮಾರು ಅರ್ಧ ಪೊಟ್ಯಾಸಿಯಂ. 20,000 ಲೀಟರಿನ ತೊಟ್ಟಿಯಲ್ಲಿ 6ರಿಂದ 80ಕ್ಕೆ ಏರಿಸಲು 3 ಕಿಲೋ ಸಾಕು. 220 ಕಿಲೋ ಉಪ್ಪು ಸುರಿದ ಜಾಗದಲ್ಲಿ 3 ಕಿಲೋ ಗೊಬ್ಬರ, ಅದೂ ಅವರ ಗೋದಾಮಿನಲ್ಲೇ ಬಿದ್ದಿತ್ತು. ಕೆಂಪು ಪೊಟ್ಯಾಷ್ ಬಿಟ್ಟು ಬಿಳಿಯದನ್ನು ಆರಿಸಿ, ಬಕೆಟ್‌ನಲ್ಲಿ ಕರಗಿಸಿ, ಮೂರು ಸಲ ಮಾಡಿ ಹಾಕಿದೆವು.

ಇಲ್ಲಿ ನಾನು ಒಂದು ಬುದ್ಧಿವಂತಿಕೆ ಮಾಡಲು ಹೋದೆ. ಒಂದೇ ತೊಟ್ಟಿಗೆ ಹಾಕೋಣ, ಇನ್ನೊಂದನ್ನು ವಾರ ಹಾಗೇ ಬಿಟ್ಟು ವ್ಯತ್ಯಾಸ ನೋಡೋಣ ಅಂದೆ. ಅವರು ತಲೆ ಆಡಿಸಿದರು. ಮೂರನೇ ದಿನ ರಾತ್ರಿ ಎರಡನೆಯದಕ್ಕೂ ಸುರಿದುಬಿಟ್ಟರು. ಅವರ ಮೀನು, ಅವರ ದುಡ್ಡು, ನಾನು ಏನೂ ಅನ್ನಲಿಲ್ಲ. ವಾರದೊಳಗೆ ಎರಡೂ ತೊಟ್ಟಿಯಲ್ಲಿ ಮರಿಗಳು ಮೇಲೆ ಬಂದು ಮೇವಿಗೆ ಹಾರತೊಡಗಿದವು. ಸಾವು ದಿನಕ್ಕೆ ಒಂದು ಎರಡಕ್ಕೆ ಇಳಿಯಿತು.

ಎಲ್ಲರಿಗೂ ಸಮಾಧಾನ, ಸಹಪಾಠಿಯೊಬ್ಬಳನ್ನು ಬಿಟ್ಟು. ಹೋಲಿಸಲು ತೊಟ್ಟಿಯೇ ಉಳಿದಿಲ್ಲ, ಅದೇ ವಾರ ಮೋಡ ಹೋಗಿ ಬಿಸಿಲು ಬಂದಿದೆ, ಬಯೋಫಿಲ್ಟರ್ ಕೂಡ ಸುಧಾರಿಸಿದೆ, ದುರ್ಬಲ ಮರಿಗಳೆಲ್ಲ ಮೊದಲೇ ಸತ್ತು ಗಟ್ಟಿಯವು ಮಾತ್ರ ಉಳಿದಿರಬಹುದು, ಪೊಟ್ಯಾಷ್ ಅಂತ ಹೇಗೆ ಹೇಳ್ತೀಯ? ಅವಳ ಮಾತು ನನಗೆ ರೇಗಿಸಿತು. ಆದರೆ ಸರಿಯಾಗಿಯೇ ಇತ್ತು.

ಎರಡನೇ ಪ್ರಯೋಗ

ಈ ಸಲ ಮೀನಿನ ಜೊತೆ ನೀರೂ ಪ್ರಯಾಣ ಮಾಡಿತು. ಸಾವ್ಕಾರರ ಬೋರಿನಿಂದ 1,000 ಲೀಟರ್ ನೀರು, ಅದೇ ಚೀಲದ ಉಪ್ಪು, ಅದೇ ಗೋದಾಮಿನ ಪೊಟ್ಯಾಷ್. ಗೂಡ್ಸ್ ಗಾಡಿಯಲ್ಲಿ ಹುಬ್ಬಳ್ಳಿ ದಾಟಿ ಅರಬೈಲ್ ಘಾಟ್ ಇಳಿದೆವು. ದಾರಿಯಲ್ಲಿ ಒಬ್ಬ ಪೊಲೀಸ್ ನಿಲ್ಲಿಸಿ ಟ್ಯಾಂಕಿನಲ್ಲಿ ಏನು ಅಂದ. ನೀರು ಅಂದೆವು. ಎಲ್ಲಿಗೆ ಅಂದ. ಸಮುದ್ರಕ್ಕೆ ಅಂದ ನಮ್ಮ ಡ್ರೈವರ್. ಆತ ನಮ್ಮನ್ನು ಒಂದು ಕ್ಷಣ ನೋಡಿ ಹೋಗಿ ಅಂದ.

ನೀರನ್ನು ಸೋಸಿ, ಕ್ಲೋರಿನ್ ಹಾಕಿ, ಮತ್ತೆ ಕ್ಲೋರಿನ್ ತೆಗೆದು, ಗಾಳಿ ಆಡಿಸಿ ಇಟ್ಟರು. ತೊಟ್ಟಿಯ ದುಂಡಾಣುಗಳೇನೂ ಜೊತೆಗೆ ಬರಬಾರದು, ಉಪ್ಪುಗಳ ವ್ಯತ್ಯಾಸ ಮಾತ್ರ ಉಳಿಯಬೇಕು. ಮೊದಲ ಸಲ ತಂದು ಬಳಸದೆ ಉಳಿದಿದ್ದ ಮರಿಗಳು. ಅರ್ಧಕ್ಕೆ ಬೋರ್ ನೀರು ಮತ್ತು ಕಲ್ಲುಪ್ಪು, ಇನ್ನರ್ಧಕ್ಕೆ ಅದೇ ನೀರು, ಅದೇ ಉಪ್ಪು, ಜೊತೆಗೆ ಪೊಟ್ಯಾಷ್. ಒಂದು ವಾರ ಹಾಗೆ ಇಟ್ಟು, ಪ್ರತಿ ನೀರಿನಲ್ಲೂ ಅರ್ಧ ಮರಿಗಳಿಗೆ ಅದೇ ಒಂದು ಗಂಟೆಯ ದುಂಡಾಣು ಸ್ನಾನ. ಯಾರ ಹುರುಪೆಯನ್ನೂ ಕೆರೆಯಲಿಲ್ಲ. ಮತ್ತೆ ಹನ್ನೆರಡು ತೊಟ್ಟಿ, ಮೇಲೆ ಬರೀ ಸಂಖ್ಯೆ. ದಿನವೂ ಎಣಿಸುವ ಹುಡುಗನಿಗೆ ಯಾವ ತೊಟ್ಟಿಯಲ್ಲಿ ಏನಿದೆ ಅಂತ ಹೇಳಿರಲಿಲ್ಲ.

ಪೊಟ್ಯಾಷ್ ಇಲ್ಲದ ನೀರಿನಲ್ಲಿ, ದುಂಡಾಣುವನ್ನೇ ಕೊಡದ 60ರಲ್ಲಿ 9 ಸತ್ತವು. ದುಂಡಾಣು ಕೊಟ್ಟ 60ರಲ್ಲಿ 37. ಪೊಟ್ಯಾಷ್ ಹಾಕಿದ ನೀರಿನಲ್ಲಿ ದುಂಡಾಣು ಕೊಟ್ಟವುಗಳಲ್ಲಿ 4, ಕೊಡದವುಗಳಲ್ಲಿ 1. ಸಾವ್ಕಾರರಿಗೆ ಫೋನಿನಲ್ಲಿ ಈ ನಾಲ್ಕು ಅಂಕಿ ಹೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಅಂದ್ರ ನಾವ ಕೈಯಾರೆ ಬಾಗಿಲಾ ತಗದು ಕೊಟ್ಟಂಗಾತು" ಅಂದರು.

ಬರೀ ನೀರು ಎಲ್ಲವನ್ನೂ ಕೊಲ್ಲಲಿಲ್ಲ, ಬರೀ ದುಂಡಾಣು ಹೆಚ್ಚುಕಡಿಮೆ ಏನನ್ನೂ ಕೊಲ್ಲಲಿಲ್ಲ, ಎರಡೂ ಸೇರಿದಾಗ 37. ಮೊದಲ ಪ್ರಯೋಗ ಸುಳ್ಳೇನೂ ಹೇಳಿರಲಿಲ್ಲ. ನಾವು ಅದಕ್ಕೆ ಸಮುದ್ರದ ಮೀನಿನ ಪ್ರಶ್ನೆ ಕೇಳಿ, ಬಾಗಲಕೋಟೆಯ ಮೀನಿಗೆ ಉತ್ತರ ಹುಡುಕಿದ್ದೆವು. ಇನ್ನೂ ಒಂದು ಮಾತು. ವಿಬ್ರಿಯೊಗಳಿಗೆ ಬದುಕಲು ಸೋಡಿಯಂ ಬೇಕು. 220 ಕಿಲೋ ಉಪ್ಪು ಸುರಿದು ನಾವು ಮೀನನ್ನು ಸೊರಗಿಸಿದ್ದಷ್ಟೇ ಅಲ್ಲ, ಅದಕ್ಕೆ ಮನೆಯನ್ನೂ ಕಟ್ಟಿಕೊಟ್ಟಿದ್ದೆವು.

ಈ ಪ್ರಯೋಗದಲ್ಲೂ ಬಿರುಕುಗಳಿವೆ, ಮುಚ್ಚಿಡುವುದಿಲ್ಲ. ಲ್ಯಾಬ್‌ನಲ್ಲಿ ಹೀಟರ್ ಇಟ್ಟು 28 ಡಿಗ್ರಿ ಕಾಯ್ದುಕೊಂಡಿದ್ದರು, ನಮ್ಮ ಶೆಡ್‌ನಲ್ಲಿ ನವೆಂಬರ್ ರಾತ್ರಿ ನೀರು 22ಕ್ಕೆ ಇಳಿಯುತ್ತಿತ್ತು. ಮೆಗ್ನೀಸಿಯಂ ಬಗ್ಗೆ ನಾವು ಏನೂ ಮಾಡಲಿಲ್ಲ. ಒಂದೇ ಬೋರು, ಒಂದೇ ದುಂಡಾಣು, ಒಂದೇ ಹ್ಯಾಚರಿಯ ಮರಿ. ಪಕ್ಕದ ಹಳ್ಳಿಯ ಬೋರಿನಲ್ಲಿ ಲೆಕ್ಕ ಬೇರೆ ಇರಬಹುದು. ಹಾಗಾಗಿ 3 ಕಿಲೋ ಅನ್ನುವ ಅಂಕಿಯನ್ನು ಯಾರೂ ಹಾಗೇ ಎತ್ತಿಕೊಂಡು ಹೋಗಬೇಡಿ, ನೀರು ಪರೀಕ್ಷೆ ಮಾಡಿಸಿ, ಪೊಟ್ಯಾಸಿಯಂ ಕಾಲಂ ಇರುವ ಪರೀಕ್ಷೆಯನ್ನೇ ಕೇಳಿ ಮಾಡಿಸಿ.

ಆಮೇಲೆ

ಮೊದಲ ತಂಡದಲ್ಲಿ ಕೊನೆಗೆ ಉಳಿದದ್ದು 700ರಷ್ಟು. ಪೊಟ್ಯಾಷ್ ಹಾಕುತ್ತಲೇ ಇರುವ ಬದಲು ಇನ್ನೊಂದು ಸರಳ ದಾರಿ ಹಿಡಿದೆವು, ಉಪ್ಪನ್ನೇ ಬಿಡುವುದು. ದಿನಕ್ಕೆ ಒಂದು ಗ್ರಾಮಿನಂತೆ ಇಳಿಸುತ್ತಾ, ಕಾಲುವೆ ನೀರು ಬೆರೆಸುತ್ತಾ, ಎರಡು ವಾರದಲ್ಲಿ 3ಕ್ಕೆ ತಂದೆವು. ಸ್ವಲ್ಪ ಪೊಟ್ಯಾಷ್ ಮಾತ್ರ ಉಳಿಸಿಕೊಂಡೆವು. ಸೀಬಾಸ್‌ಗೆ ಅಷ್ಟು ಉಪ್ಪು ಬೇಕೇ ಇರಲಿಲ್ಲ. ಸಮುದ್ರದ ಮೀನು ಅಂದ ತಕ್ಷಣ ಉಪ್ಪು ಅನ್ನುವುದು ನಮ್ಮ ತಲೆಯಲ್ಲಿತ್ತು, ಮೀನಿನ ತಲೆಯಲ್ಲಿರಲಿಲ್ಲ.

ಎರಡನೇ ತಂಡ ಮುಂದಿನ ಮಾರ್ಚ್‌ನಲ್ಲಿ ಬಂತು, 2,000 ಮರಿ. ಹ್ಯಾಚರಿಗೆ ಮೊದಲೇ ಹೇಳಿ 5 ಗ್ರಾಂ ಉಪ್ಪಿಗೆ ಒಗ್ಗಿಸಿ ತರಿಸಿದರು. ಮೊದಲ ತಿಂಗಳು ರೋಗಕ್ಕೆ ಸತ್ತದ್ದಕ್ಕಿಂತ ಒಂದನ್ನೊಂದು ನುಂಗಿದ್ದೇ ಜಾಸ್ತಿ. ದೊಡ್ಡವಾದ ಮೇಲೆ ಬೆಳಗಾವಿಗೆ ಕಳಿಸಿದರು, ಚೊಣಕ ಅಂದರೆ ಅಲ್ಲಿ ಕೈ ಚಾಚುತ್ತಾರೆ. ಬಾಗಲಕೋಟೆ ಸಂತೆಯಲ್ಲಿ ಮಾತ್ರ ಇದ್ಯಾವ ಮೀನು, ಕಾಟ್ಲಾ ಇಲ್ಲೇನು ಅನ್ನುತ್ತಾರೆ.

ಆ ವಿಬ್ರಿಯೊ ಬಂದದ್ದು ಎಲ್ಲಿಂದ, ಮರಿಯ ಚೀಲದಲ್ಲಾ, ಉಪ್ಪಿನ ಚೀಲದಲ್ಲಾ? ಆಗ ಉಪ್ಪನ್ನು ತಟ್ಟೆಗೆ ಹಾಕಿ ನೋಡಬೇಕಿತ್ತು, ಯಾರಿಗೂ ಹೊಳೆಯಲಿಲ್ಲ. ಉಳಿದಿದ್ದ ಉಪ್ಪಿನಲ್ಲಿ ಸ್ವಲ್ಪ ಎರಡನೇ ಪ್ರಯೋಗಕ್ಕೆ ಹೋಯಿತು, ಮಿಕ್ಕಿದ್ದು ಸಾವ್ಕಾರರ ಮನೆಯವರ ಮಾವಿನಕಾಯಿ ಉಪ್ಪಿನಕಾಯಿಗೆ ಹೋಯಿತು. ಒಂದು ಭರಣಿ ನಮ್ಮ ಮನೆಗೂ ಬಂದಿದೆ.